ಕಂಪ್ಯೂಟರ್ ಮೇಜಿಗೆ ಸ್ಪೀಕರ್: ಖಯಾಲ್ ಮತ್ತು ಹಳೆಯ ಚಿತ್ರಗೀತೆ ಕೇಳಲು ಯಾವುದು ಸರಿ?

ಧಾರವಾಡದ ಕೇಳುಗ:
ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್‌ಗೆ ಒಂದು ಜೊತೆ ಸ್ಪೀಕರ್ ತಗೊಳ್ಳಬೇಕು. ಕೆಲಸದ ಹೊತ್ತಿನಲ್ಲಿ, ರಾತ್ರಿ ಊಟ ಆದ ಮೇಲೆ, ಲ್ಯಾಪ್‌ಟಾಪ್‌ನಿಂದಲೇ ಹಾಡು ಕೇಳುತ್ತೇನೆ. ಹೆಚ್ಚಾಗಿ ಹಿಂದೂಸ್ತಾನಿ ಗಾಯನ. ಅದು ಬಿಟ್ಟರೆ ಅರವತ್ತರ ದಶಕದ ಕನ್ನಡ ಚಿತ್ರಗೀತೆ. ಹೆಡ್‌ಫೋನ್ ಇದೆ. ಆದರೆ ಒಂದು ವಿಲಂಬಿತ್ (ನಿಧಾನಗತಿಯ ಖಯಾಲ್) ಮುಗಿಯುವಷ್ಟರಲ್ಲಿ ಕಿವಿ ಬಿಸಿಯಾಗುತ್ತದೆ. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ತಂಬೂರಿ ಇದ್ದೂ ಇಲ್ಲದ ಹಾಗೆ.

ಮೇಜು 4 ಅಡಿ ಉದ್ದ, 2 ಅಡಿ ಅಗಲ. ಅದರ ಹಿಂದೆಯೇ ಗೋಡೆ. ಸ್ಪೀಕರ್‌ಗೂ ನನಗೂ ಎರಡೂವರೆ ಅಡಿ ದೂರ. ಬಜೆಟ್ 10 ಸಾವಿರ, ತೀರಾ ಚೆನ್ನಾಗಿದ್ದರೆ 12. ಅಂಗಡಿಯಲ್ಲಿ ಕೇಳಿದರೆ ಎಲ್ಲರೂ 2.1 ಸೆಟ್, ಅಂದರೆ ಎರಡು ಪುಟ್ಟ ಸ್ಪೀಕರ್ ಜೊತೆ ಬೇಸ್‌ಗೆ ಅಂತ ಬೇರೆ ಸಬ್‌ವೂಫರ್ ಇರುವುದನ್ನು ತೋರಿಸುತ್ತಾರೆ. ಅದು ಬೇಕಾ? ಎಷ್ಟು ವ್ಯಾಟ್ ಇದ್ದರೆ ಸಾಕು?

ಎಸ್‌ಪಿ ರೋಡ್ ಅಲೆಮಾರಿ:
ನನ್ನ ಮನೆಯಲ್ಲಿ ಇರುವುದು 2.1 ಸೆಟ್. ಈಗಿನ ಸಿನಿಮಾ ಹಾಡಿಗೆ, ಆಟಕ್ಕೆ, ಸಿನಿಮಾ ನೋಡೋಕೆ ಬಹಳ ಚೆನ್ನಾಗಿದೆ. ಸಬ್‌ವೂಫರ್ ಇಲ್ಲದ ಜೋಡಿ ಕೇಳಿದರೆ ನನಗೆ ಏನೋ ಕಮ್ಮಿ ಅನ್ನಿಸುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಬಂದರೆ ನಾಲ್ಕಾರು ಅಂಗಡಿಯಲ್ಲಿ ಕೇಳಿ ನೋಡಿ. ಒಂದು ಮಾತು: ಡಬ್ಬಿಯ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಅದನ್ನು ನೋಡಲೇಬೇಡಿ. ಆ ಲೆಕ್ಕಕ್ಕೆ ಅಳತೆಗೋಲೇ ಇಲ್ಲ. ಆರ್‌ಎಂಎಸ್ ವ್ಯಾಟ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ, ಎಷ್ಟು ಅಂತ ಕೇಳಿ.

ಮಿಕ್ಸಿಂಗ್ ಮೇಜು:
ಕೇಳುಗರೇ, ನೀವು ಕೇಳುವ ಸಂಗೀತಕ್ಕೆ 2.1 ಬೇಡ. ಇದನ್ನು ಖಚಿತವಾಗಿ ಹೇಳುತ್ತೇನೆ. ಕಾರಣ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಗಾಯಕರ ಶ್ರುತಿ ಕಾಳಿ ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಅಂದುಕೊಳ್ಳಿ. ಅವರ ಮಧ್ಯ ಷಡ್ಜ ಸುಮಾರು 139 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಮಂದ್ರ ಪಂಚಮ 104. ಖರ್ಜದ, ಅಂದರೆ ಒಂದು ಸ್ಥಾಯಿ ಕೆಳಗಿನ, ಷಡ್ಜ 69. ಗಾಯಕಿಯರ ಶ್ರುತಿ ಇನ್ನೂ ಮೇಲಿರುತ್ತದೆ. ಅಂದರೆ 70-80 ಹರ್ಟ್ಜ್ ತನಕ ಸರಿಯಾಗಿ ಇಳಿಯುವ ಸ್ಪೀಕರ್ ಇದ್ದರೆ ನಿಮ್ಮ ಸಂಗೀತ ಹೆಚ್ಚುಕಡಿಮೆ ಪೂರ್ತಿ ಅದರೊಳಗೆ ಬಂತು. ತಂಬೂರಿಯ ಖರ್ಜದ ತಂತಿಯೂ 69ಕ್ಕೇ ಶ್ರುತಿಯಾಗಿರುತ್ತದೆ. ಆದರೆ ಜವಾರಿಯಿಂದಾಗಿ (ತಂತಿ ಕುದುರೆಗೆ ತಾಗಿ ಬರುವ ಝೇಂಕಾರ) ಅದರ ಬಲವೆಲ್ಲ ಮೇಲಿನ ಉಪಸ್ವರಗಳಲ್ಲಿ ಹರಡಿಕೊಂಡಿರುತ್ತದೆ. ಉಪಸ್ವರಗಳು ಸ್ವಚ್ಛವಾಗಿ ಕೇಳಿಸಿದರೆ ಕೆಳಗಿನ ಮೂಲ ಸ್ವರವನ್ನು ನಮ್ಮ ಕಿವಿಯೂ ಮೆದುಳೂ ಸೇರಿ ತುಂಬಿಕೊಳ್ಳುತ್ತವೆ. ಲ್ಯಾಪ್‌ಟಾಪ್‌ನಲ್ಲಿ ತಂಬೂರಿ ಕಳೆದುಹೋಗಲು ಬೇಸ್ ಇಲ್ಲದಿರುವುದು ಒಂದೇ ಕಾರಣ ಅಲ್ಲ. ಅದರ ಮಧ್ಯದ ದನಿಯೇ ತೆಳು.

ಈಗ ಕಡಿಮೆ ಬೆಲೆಯ 2.1 ನೋಡಿ. ಪಕ್ಕದ ಪುಟ್ಟ ಡಬ್ಬಿಗಳಲ್ಲಿ 2 ಅಥವಾ 3 ಇಂಚಿನ ಒಂದೊಂದೇ ಡ್ರೈವರ್ (ಶಬ್ದ ಹೊರಡಿಸುವ ಭಾಗ). ಅವಕ್ಕೆ 150-200 ಹರ್ಟ್ಜ್‌ನ ಕೆಳಗೆ ಶಕ್ತಿ ಇಲ್ಲ. ಅಲ್ಲಿಂದ ಕೆಳಗಿನದ್ದನ್ನೆಲ್ಲ ಮೇಜಿನ ಕೆಳಗಿರುವ ಸಬ್‌ವೂಫರ್ ನುಡಿಸಬೇಕು. 80ರ ಕೆಳಗಿನ ಶಬ್ದ ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. 150ರದ್ದು ಗೊತ್ತಾಗುತ್ತದೆ. ಹಾಗಾಗಿ ಗಾಯಕರು ಮಂದ್ರಕ್ಕೆ ಇಳಿದಾಗ ದನಿ ನಿಮ್ಮ ಕಾಲ ಹತ್ತಿರದಿಂದ ಬರುತ್ತದೆ, ಮೇಲೆ ಹೋದಾಗ ಮೇಜಿನಿಂದ. ಒಂದೇ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ನಡುವೆ ದನಿಯ ಬಣ್ಣ ಬದಲಾಗುತ್ತದೆ. ತಬಲಾದಲ್ಲಿ ಎಡಗೈಯ ಡಗ್ಗಾ ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತದೆ. ಡಗ್ಗಾ ಅಂದ ಮೇಲೆ ಅಂಗೈ ಒತ್ತಿದಾಗ ನಾದ ಏರಬೇಕು, ಇಳಿಯಬೇಕು. ಅದು ಕೇಳಿಸದಿದ್ದರೆ ಬೇಸ್ ಇದ್ದೂ ಏನು ಬಂತು?

ಅಲೆಮಾರಿಯವರ ಸೆಟ್ ಕೆಟ್ಟದ್ದು ಅಂತ ಅಲ್ಲ. ಸಿನಿಮಾ, ಆಟಕ್ಕೆ ಅದು ಸರಿಯಾದ ಆಯ್ಕೆಯೇ. ಗಾಯನಕ್ಕೆ ಬೇಕಿರುವುದು ಒಂದೇ ಜಾಗದಿಂದ ಬರುವ ಒಂದೇ ದನಿ. ಅದಕ್ಕೆ ಎರಡೇ ಡಬ್ಬಿ ಇರುವ ಜೋಡಿ ಸಾಕು. ಪ್ರತಿ ಡಬ್ಬಿಯಲ್ಲೂ ಮೂರೂವರೆ ಅಥವಾ 4 ಇಂಚಿನ ವೂಫರ್ (ಕೆಳಗಿನ, ಮಧ್ಯದ ದನಿಗೆ), ಜೊತೆಗೆ ಬೇರೆಯೇ ಟ್ವೀಟರ್ (ಮೇಲಿನ ದನಿಗೆ) ಇರಬೇಕು. ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಜೋಡಿ ತಗೊಂಡರೆ ತಲೆನೋವು ಕಡಿಮೆ.

ವ್ಯಾಟ್ ವಿಷಯ. ಬಯಲಿನಲ್ಲಿ ದೂರ ಅರ್ಧಕ್ಕೆ ಇಳಿದರೆ ಶಬ್ದ 6 ಡೆಸಿಬೆಲ್ ಏರುತ್ತದೆ. ಹಾಲ್‌ನಲ್ಲಿ 3 ಮೀಟರ್ ದೂರದ ಸೋಫಾಕ್ಕೆ 16 ವ್ಯಾಟ್ ಬೇಕಾದ ಮಟ್ಟ, 75 ಸೆಂಟಿಮೀಟರ್ ದೂರದಲ್ಲಿ ಕೂತವರಿಗೆ 1 ವ್ಯಾಟ್‌ನಲ್ಲೇ ಸಿಗುತ್ತದೆ. ಕೋಣೆಯ ಗೋಡೆಗಳಿಂದಾಗಿ ಲೆಕ್ಕ ಇಷ್ಟು ನೇರ ಇರುವುದಿಲ್ಲ. ಆದರೂ ವ್ಯಾಟ್ ಎರಡರಷ್ಟಾದರೆ ಸಿಗುವುದು 3 ಡೆಸಿಬೆಲ್ ಮಾತ್ರ ಅನ್ನೋದು ನೆನಪಿರಲಿ. ಒಂದೊಂದು ಬದಿಗೆ 20 ವ್ಯಾಟ್ ನಿಮಗೆ ಧಾರಾಳ ಆಯಿತು.

ಧಾರವಾಡದ ಕೇಳುಗ:
ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮೀಂಡ್‌ನ ಮಾತು ನೂರಕ್ಕೆ ನೂರು ನಿಜ. ಗೆಳೆಯರ ಮನೆಯ 2.1ನಲ್ಲಿ ನನಗೆ ಕಿರಿಕಿರಿ ಆಗುತ್ತಿದ್ದದ್ದು ಅದೇ. ಯಾಕೆ ಅಂತ ಗೊತ್ತಿರಲಿಲ್ಲ. ಹಾಗಾದರೆ ಯಾವ ಮಾಡೆಲ್ ನೋಡಲಿ?

ಮಿಕ್ಸಿಂಗ್ ಮೇಜು:
ನಿಮ್ಮ ಬಜೆಟ್ ಆಸುಪಾಸಿನಲ್ಲಿ ಮೂರು ಹೆಸರು. ಎಡಿಫೈಯರ್ ಆರ್1280ಟಿ: 4 ಇಂಚು, ಎರಡೂ ಸೇರಿ 42 ವ್ಯಾಟ್, ಬೇಸ್‌ಗೆ ನೆರವಾಗುವ ಗಾಳಿಯ ತೂತು ಮುಂದೆ ಇದೆ, ಪಕ್ಕದಲ್ಲಿ ಬೇಸ್ ಮತ್ತು ಟ್ರೆಬಲ್ ತಿರುಗಣೆ. ಮುಖ ತುಸು ಮೇಲಕ್ಕೆ ವಾಲಿದೆ, ಮೇಜಿಗೆ ಅದು ಅನುಕೂಲ. ದನಿ ಮೆತ್ತಗೆ, ಹಳೆಯ ರೆಕಾರ್ಡಿಂಗ್‌ಗಳಿಗೆ ಹಿತ. ಅದೇ ಕಂಪನಿಯ ಎಂಆರ್4: ಇದೂ 4 ಇಂಚು, ಆದರೆ ಸ್ಟುಡಿಯೊ ಮಾನಿಟರ್ ಧಾಟಿಯದ್ದು. ದನಿ ಹೆಚ್ಚು ನೇರ. ಪ್ರಿಸೋನಸ್ ಎರಿಸ್ 3.5: ಮೂರೂವರೆ ಇಂಚು, ಒಂದೊಂದಕ್ಕೆ 25 ವ್ಯಾಟ್. ಕೆಳಗೆ 80 ಹರ್ಟ್ಜ್ ತನಕ ಅಂತ ಕಂಪನಿಯೇ ಹೇಳುತ್ತದೆ. ಮಧ್ಯದ ದನಿ ಸ್ವಚ್ಛ. ಗಾಳಿಯ ತೂತು ಹಿಂದೆ ಇರುವುದರಿಂದ ನಿಮ್ಮ ಗೋಡೆಗೆ ಸ್ವಲ್ಪ ಅಂತರ ಬೇಕು.

ನನಗೆ ಕೇಳಿದರೆ ಗಾಯನಕ್ಕೆ ಎಂಆರ್4 ಅಥವಾ ಎರಿಸ್. ಬರೀ ಹಳೆಯ ಚಿತ್ರಗೀತೆ ಆಗಿದ್ದರೆ ಆರ್1280ಟಿ ಅನ್ನುತ್ತಿದ್ದೆ. ಹಳೆಯ ತಟ್ಟೆಗಳ ಚರಪರ ಅದರಲ್ಲಿ ಕಡಿಮೆ ಚುಚ್ಚುತ್ತದೆ.

ಒಂದು ಮಾತು ಸೇರಿಸಲೇಬೇಕು. ನಮ್ಮ ದೇಶದಲ್ಲೇ ಇದನ್ನು ಚೆನ್ನಾಗಿ ಮಾಡುವವರಿದ್ದಾರೆ. ಕೋಲ್ಕತ್ತದ ಸೋನೋಡೈನ್ 1970ರಲ್ಲಿ ಶುರುವಾದ ಕಂಪನಿ. ಅವರ ಸ್ಟುಡಿಯೊ ಮಾನಿಟರ್‌ಗಳನ್ನು ಧ್ವನಿ ಕೆಲಸ ಮಾಡುವವರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ನಿಮ್ಮ ಬಜೆಟ್‌ಗೆ ಜಾಸ್ತಿ ಆಗುತ್ತದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಮಾತ್ರ ಬಿಡಬೇಡಿ.

ಹಾಸ್ಟೆಲ್ ಕಿಟಕಿ:
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಾನು ಓದುತ್ತಿದ್ದೇನೆ, 10 ಸಾವಿರ ಎಲ್ಲಾ ಆಗಲ್ಲ. 2 ಸಾವಿರದ ಸುತ್ತ ಏನಾದರೂ ಇದೆಯಾ?

ಬೆಸುಗೆ ಕಡ್ಡಿ:
ಕ್ರಿಯೇಟಿವ್ ಪೆಬಲ್ ನೋಡಿ. 2 ಇಂಚಿನ ಡ್ರೈವರ್, 45 ಡಿಗ್ರಿ ಮೇಲಕ್ಕೆ ಮುಖ, ಕರೆಂಟ್ ಯುಎಸ್‌ಬಿಯಿಂದಲೇ. ಬೇಸ್ ನಿರೀಕ್ಷೆ ಮಾಡಬೇಡಿ. ಮಾತು, ಹಾಡಿನ ದನಿ ಸ್ಪಷ್ಟವಾಗಿ ಬರುತ್ತದೆ. ಅಷ್ಟೇ ದುಡ್ಡಿನ 2.1ಗಿಂತ ನಾನು ಇದನ್ನೇ ತಗೊಳ್ಳುತ್ತೇನೆ.

ಕರಾವಳಿ ಮದ್ದಳೆ:
ನಾನು ಉಡುಪಿ ಕಡೆಯವ. ಕೇಳುವುದು ಯಕ್ಷಗಾನ. ಚೆಂಡೆಯ ಪೆಟ್ಟು ಸಣ್ಣ ಸ್ಪೀಕರ್‌ಗೆ ದೊಡ್ಡ ಪರೀಕ್ಷೆ. ಕೆಲವು ಲೋಹದ ಟ್ವೀಟರ್‌ಗಳಲ್ಲಿ ಚೆಂಡೆ ತಗಡು ಬಡಿದ ಹಾಗೆ ಕೇಳುತ್ತದೆ, ಹತ್ತು ನಿಮಿಷಕ್ಕೆ ತಲೆ ಸಿಡಿಯುತ್ತದೆ. ಭಾಗವತರ ದನಿ, ಚೆಂಡೆ, ಮದ್ದಳೆ ಮೂರೂ ಒಟ್ಟಿಗೆ ಏರಿದಾಗಲೂ ಪದ್ಯದ ಅಕ್ಷರ ಬಿಡಿಬಿಡಿಯಾಗಿ ತಿಳಿದರೆ ಆ ಸ್ಪೀಕರ್ ಯಾವ ಸಂಗೀತಕ್ಕೂ ಆಗುತ್ತದೆ. ಅಂಗಡಿಗೆ ಹೋಗುವಾಗ ನಿಮಗೆ ಬಾಯಿಪಾಠ ಇರುವ ರೆಕಾರ್ಡಿಂಗ್ ಒಯ್ಯಿರಿ. ಅವರ ಡೆಮೊ ಹಾಡು ಕೇಳಬೇಡಿ. ಅದನ್ನು ಆರಿಸಿಟ್ಟಿರುವುದೇ ಆ ಸ್ಪೀಕರ್‌ಗೆ ಹೊಂದುವ ಹಾಗೆ.

ನಮ್ಮ ಕಡೆಯವರಿಗೆ ಇನ್ನೊಂದು ಸೂಚನೆ. ವೂಫರ್ ಸುತ್ತ ಇರುವ ಬಳೆ ರಬ್ಬರಿನದ್ದೋ ಫೋಮ್‌ನದ್ದೋ ನೋಡಿ. ಸೆಕೆಗೆ, ತೇವಕ್ಕೆ ಫೋಮ್ ಬೇಗ ಪುಡಿಯಾಗುತ್ತದೆ. ಹಳೆಯ ಸ್ಪೀಕರ್ ಕೊಳ್ಳುವಾಗ ಬಲೆ ತೆಗೆಸಿ, ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿಯೇ ಹಣ ಕೊಡಿ. ಉಪ್ಪು ಗಾಳಿಗೆ ಪಿನ್‌ಗಳು ಕರ್ರಗಾಗುತ್ತವೆ. ಆಗಾಗ ಬಿಚ್ಚಿ ಒರೆಸಿ ಹಾಕಿದರೆ ಕರಕರ ಸದ್ದು ಹೋಗುತ್ತದೆ. ಗಾಳಿಯ ತೂತಿನೊಳಗೆ ಹಲ್ಲಿ ಸೇರದ ಹಾಗೆ ಸೊಳ್ಳೆ ಬಲೆಯ ತುಂಡು ಕಟ್ಟಬಹುದು, ಗಾಳಿಗೆ ಅಡ್ಡಿ ಆಗುವುದಿಲ್ಲ.

ಬೆಸುಗೆ ಕಡ್ಡಿ:
ಆಕ್ಟಿವ್ ಸ್ಪೀಕರ್ ಬಗ್ಗೆ ಎಲ್ಲರೂ ಹೇಳಿದ್ದಾರೆ. ನಾನು ಇನ್ನೊಂದು ದಾರಿ ಹೇಳುತ್ತೇನೆ. ಹಳೆಯ ಒಳ್ಳೆಯ ಪ್ಯಾಸಿವ್ (ಒಳಗೆ ಆಂಪ್ಲಿಫೈಯರ್ ಇಲ್ಲದ) ಬುಕ್‌ಶೆಲ್ಫ್ ಜೋಡಿ ತಗೊಂಡು ಒಂದು ಪುಟ್ಟ ಕ್ಲಾಸ್ ಡಿ ಆಂಪ್ಲಿಫೈಯರ್ ಹಾಕಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಚಿಪ್ ಇರುವವು ಅಂಗೈ ಅಗಲ ಇರುತ್ತವೆ. ಡಬ್ಬಿಯ ಮೇಲೆ 50, 100 ಅಂತ ಬರೆದಿರುತ್ತಾರೆ. ಅದು 4 ಓಮ್‌ಗೆ, ದನಿ ಒಡೆಯುವ ಹಂತದ ಲೆಕ್ಕ. ಸ್ವಚ್ಛವಾಗಿ ಸಿಗುವುದು ಅದಕ್ಕಿಂತ ಬಹಳ ಕಡಿಮೆ, ಮೇಜಿಗೆ ಅದು ಬೇಕಾದಷ್ಟಾಯಿತು. ಇದರ ದೊಡ್ಡ ಲಾಭ ರಿಪೇರಿ. ಆಕ್ಟಿವ್ ಸ್ಪೀಕರ್‌ನ ಒಳಗಿನ ಬೋರ್ಡ್ ಸುಟ್ಟರೆ, ಬಿಡಿಭಾಗ ಸಿಗದಿದ್ದರೆ, ಪೂರ್ತಿ ಜೋಡಿಯೇ ಮೂಲೆ ಸೇರುತ್ತದೆ. ಇಲ್ಲಿ ಆಂಪ್ಲಿಫೈಯರ್ ಹೋದರೆ ಅದೊಂದನ್ನೇ ಬದಲಿಸಬಹುದು.

ಕರೆಂಟ್ ಹೋಗುವ ಊರಿನವರಿಗೆ: ಚೌಕ ಅಲೆಯ ಹಳೆಯ ಇನ್ವರ್ಟರ್ ಇದ್ದರೆ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಸ್ಪೀಕರ್ ಜುಂಯ್ ಅನ್ನುತ್ತದೆ. ಸ್ಪೀಕರ್ ಕೆಟ್ಟಿಲ್ಲ, ಕರೆಂಟಿನ ಅಲೆ ಸರಿಯಿಲ್ಲ. ಸೈನ್ ವೇವ್ ಇನ್ವರ್ಟರ್‌ನಲ್ಲಿ ಈ ತೊಂದರೆ ಇಲ್ಲ.

ಎಸ್‌ಪಿ ರೋಡ್ ಅಲೆಮಾರಿ:
ಇನ್ವರ್ಟರ್ ಇಲ್ಲದೆಯೂ ನಮ್ಮ ಮನೆಯಲ್ಲಿ ಗುಂಯ್ ಅನ್ನುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ಮಾತ್ರ. ಮೌಸ್ ಅಲ್ಲಾಡಿಸಿದರೆ ಕಿರ್ ಅನ್ನುತ್ತದೆ. ಇದಕ್ಕೇನು?

ಬೆಸುಗೆ ಕಡ್ಡಿ:
ಚಾರ್ಜರ್ ತೆಗೆದಾಗ ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ಲ್ಯಾಪ್‌ಟಾಪ್ ಒಂದು ದಾರಿಯಿಂದ, ಸ್ಪೀಕರ್ ಇನ್ನೊಂದು ದಾರಿಯಿಂದ ಭೂಮಿಗೆ ಸೇರಿವೆ. ನಡುವಿನ ಆಡಿಯೊ ತಂತಿಯಲ್ಲಿ ಬೇಡದ ಕರೆಂಟ್ ಸುತ್ತು ಹೊಡೆಯುತ್ತಿದೆ. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಆಡಿಯೊ ತಂತಿಯ ಮಧ್ಯೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಒಳಗೆ ಎರಡು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತವೆ, ಅಷ್ಟೇ. ತೀರಾ ಅಗ್ಗದ್ದರಲ್ಲಿ ಬೇಸ್ ಸ್ವಲ್ಪ ತೆಳುವಾಗುತ್ತದೆ. ಸ್ಪೀಕರ್‌ಗೆ ಆಪ್ಟಿಕಲ್ ಇನ್‌ಪುಟ್ ಇದ್ದು ಕಂಪ್ಯೂಟರ್‌ನಲ್ಲೂ ಇದ್ದರೆ ಅದೇ ಉತ್ತಮ. ಬೆಳಕಿನಲ್ಲಿ ಕರೆಂಟ್ ಹರಿಯುವುದಿಲ್ಲ.

ದಯವಿಟ್ಟು ಅರ್ಥಿಂಗ್ ಪಿನ್ ಕತ್ತರಿಸಬೇಡಿ. ಸದ್ದು ನಿಲ್ಲುತ್ತದೆ ಅಂತ ಕೆಲವರು ಹೇಳಿಕೊಡುತ್ತಾರೆ. ಆ ಪಿನ್ ಇರುವುದು ಜೀವ ಉಳಿಸೋಕೆ.

ತಂತಿ ಹುಡುಗಿ:
ನನ್ನದು ವಿಚಿತ್ರ ಸಮಸ್ಯೆ. ಹೊಸ ಮಾನಿಟರ್ ಜೋಡಿ ತಂದೆ. ಲ್ಯಾಪ್‌ಟಾಪ್‌ನ 3.5 ಎಂಎಂ ತಂತಿಗೆ ದೊಡ್ಡ ಜ್ಯಾಕ್‌ನ ಅಡಾಪ್ಟರ್ ಹಾಕಿ ಹಿಂದೆ ಚುಚ್ಚಿದೆ. ವಾದ್ಯಗಳು ಕೇಳುತ್ತವೆ, ಹಾಡುವವರ ದನಿಯೇ ಇಲ್ಲ. ಹಳೆಯ ಹಾಡು ಹಾಕಿದರೆ ಏನೂ ಕೇಳುವುದಿಲ್ಲ. ಸ್ಪೀಕರ್ ಕೆಟ್ಟಿದೆಯಾ?

ಮಿಕ್ಸಿಂಗ್ ಮೇಜು:
ಸ್ಪೀಕರ್ ಸರಿಯಾಗಿದೆ, ವಾಪಸ್ ಕೊಡಬೇಡಿ. ತಂತಿ ಮಾತ್ರ ಬದಲಿಸಿ. ಹಿಂದಿನ ದೊಡ್ಡ ಜ್ಯಾಕ್ ಬ್ಯಾಲೆನ್ಸ್ಡ್ ಇನ್‌ಪುಟ್. ಅದು ಜ್ಯಾಕ್‌ನ ತುದಿ ಮತ್ತು ಅದರ ಪಕ್ಕದ ಲೋಹದ ಬಳೆ ಎರಡರಲ್ಲಿ ಬರುವ ಸಿಗ್ನಲ್‌ಗಳ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ. ನಿಮ್ಮ ಅಡಾಪ್ಟರ್ ತುದಿಗೆ ಎಡ ಚಾನಲ್, ಬಳೆಗೆ ಬಲ ಚಾನಲ್ ಕಳಿಸುತ್ತಿದೆ. ಗಾಯಕಿಯ ದನಿ ಎರಡರಲ್ಲೂ ಒಂದೇ ಸಮ ಇರುತ್ತದೆ. ಕಳೆದಾಗ ಸೊನ್ನೆ. ಹಳೆಯ ಹಾಡು ಮೊನೊ (ಎರಡೂ ಬದಿಗೆ ಒಂದೇ ಸಿಗ್ನಲ್) ಆದ್ದರಿಂದ ಪೂರ್ತಿ ಸೊನ್ನೆ. ಒಂದು ತುದಿಯಲ್ಲಿ 3.5 ಎಂಎಂ, ಇನ್ನೊಂದು ತುದಿಯಲ್ಲಿ ಎರಡು ಪ್ರತ್ಯೇಕ ಮೊನೊ ಜ್ಯಾಕ್ ಇರುವ ತಂತಿ ಕೇಳಿ. ಇಲ್ಲದಿದ್ದರೆ ಆರ್‌ಸಿಎ ಇನ್‌ಪುಟ್ (ಕೆಂಪು-ಬಿಳಿ ಗುಂಡನೆಯ ಪಿನ್‌ನದ್ದು) ಬಳಸಿ.

ತಂತಿ ಹುಡುಗಿ:
ಬಂತು! ಆರ್‌ಸಿಎಯಲ್ಲಿ ಎಲ್ಲವೂ ಬಂತು. ತುಂಬಾ ತುಂಬಾ ಥ್ಯಾಂಕ್ಸ್.

ಧಾರವಾಡದ ಕೇಳುಗ:
ಹುಬ್ಬಳ್ಳಿಯಲ್ಲಿ ಎರಡು ಜೋಡಿ ಪಕ್ಕಪಕ್ಕ ಇಟ್ಟು ಕೇಳಿ ಎಂಆರ್4 ತಂದೆ. ತಂಬೂರಿ ಈಗ ಹಿಂದೆ ಪರದೆಯ ಹಾಗೆ ಹರಡಿಕೊಂಡಿದೆ. ಬಹಳ ಖುಷಿ ಆಯಿತು. ಆದರೆ ಗಂಡಸರ ದನಿ ಸ್ವಲ್ಪ ದಪ್ಪ, ಮುಚ್ಚಿದ ಹಾಗೆ ಇದೆ. ಅಂಗಡಿಯಲ್ಲಿ ಹೀಗಿರಲಿಲ್ಲ. ಸುಮ್ನೆ ಮೇಜಿನ ಮೇಲೆ, ಗೋಡೆಗೆ ತಾಗಿಸಿ ಇಟ್ಟಿದ್ದೇನೆ. ಬ್ಲೂಟೂತ್ ಇಲ್ಲದ್ದು ಕೊರತೆ ಆಗುತ್ತಾ ಅನ್ನೋದು ಇನ್ನೊಂದು ಪ್ರಶ್ನೆ.

ಮಿಕ್ಸಿಂಗ್ ಮೇಜು:
ಬ್ಲೂಟೂತ್ ಇಲ್ಲದಿದ್ದರೆ ಏನೂ ನಷ್ಟ ಇಲ್ಲ. ಕಂಪ್ಯೂಟರ್ ಪಕ್ಕದಲ್ಲೇ ಇದೆ, ತಂತಿ ಹಾಕಿ. ಬ್ಲೂಟೂತ್‌ನಲ್ಲಿ ದನಿ ತಡವಾಗಿ ಬರುತ್ತದೆ, ಕಛೇರಿಯ ವಿಡಿಯೊ ನೋಡುವಾಗ ತಬಲಾದ ಮೇಲೆ ಕೈ ಬಿದ್ದ ಮೇಲೆ ಬೋಲ್ ಕೇಳಿಸಬಹುದು.

ಈಗ ಮುಖ್ಯ ವಿಷಯ. ನಾನು ಮಾಡೆಲ್‌ಗಿಂತ ಇದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ. ಮೇಜಿನ ಮೇಲೆ ನೇರ ಇಟ್ಟಾಗ ಎರಡು ದನಿ ನಿಮಗೆ ತಲುಪುತ್ತವೆ. ಒಂದು ಸ್ಪೀಕರ್‌ನಿಂದ ನೇರ ಬರುವುದು. ಇನ್ನೊಂದು ಮೇಜಿಗೆ ಬಡಿದು ತುಸು ತಡವಾಗಿ ಬರುವುದು. ಬಳಸು ದಾರಿ ನೇರ ದಾರಿಗಿಂತ 17 ಸೆಂಟಿಮೀಟರ್ ಹೆಚ್ಚು ಉದ್ದ ಇದ್ದರೆ ಸುಮಾರು 1000 ಹರ್ಟ್ಜ್‌ನಲ್ಲಿ ಎರಡೂ ಒಂದನ್ನೊಂದು ಕಡಿದುಕೊಳ್ಳುತ್ತವೆ. ಅಲ್ಲೇ ಮಾತಿನ ಸ್ಪಷ್ಟತೆ ಇರುವುದು. ಇತ್ತ ಮೇಜಿನ ಹಲಗೆಯೇ 100-200 ಹರ್ಟ್ಜ್ ಸುತ್ತ ದನಿಯನ್ನು ಉಬ್ಬಿಸುತ್ತದೆ, ಗಂಡಸರ ದನಿ ದಪ್ಪವಾಗುವುದು ಅದರಿಂದ. ಫಿನ್‌ಲ್ಯಾಂಡ್‌ನ ಜೆನೆಲೆಕ್‌ನಂಥ ಕಂಪನಿಗಳು 200 ಹರ್ಟ್ಜ್ ಸುತ್ತ ತಗ್ಗಿಸುವ ಸ್ವಿಚ್ಚನ್ನೇ ಹಿಂದೆ ಕೊಟ್ಟಿರುತ್ತವೆ, ಬರೀ ಮೇಜಿಗೋಸ್ಕರ.

ಸ್ಪೀಕರನ್ನು ಮೇಲೆತ್ತಿ. ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕೆ ಬರಲಿ. ಗಟ್ಟಿ ಮರದ ದಿಮ್ಮಿ, ಮೇಲೆ ರಬ್ಬರ್ ತುಂಡು ಸಾಕು. ಮೇಜಿನ ಹಿಂದಿನ ಅಂಚಿನಲ್ಲಿ ಇಡದೆ ಸ್ವಲ್ಪ ಮುಂದಕ್ಕೆ ತನ್ನಿ. ಹಿಂದೆ ತೂತು ಇರುವುದರಿಂದ ಗೋಡೆಗೂ ಅದಕ್ಕೂ ಗೇಣು ಅಂತರ ಇರಲಿ. ಎರಡು ಸ್ಪೀಕರ್‌ಗಳ ನಡುವೆ ಎಷ್ಟು ದೂರವೋ ಅಲ್ಲಿಂದ ನಿಮ್ಮ ತಲೆಗೂ ಅಷ್ಟೇ ದೂರ. ಮುಖ ಸ್ವಲ್ಪ ನಿಮ್ಮ ಕಡೆಗೆ ತಿರುಗಿರಲಿ.

ಸರಿಯಾಗಿ ಕೂತಿದೆಯಾ ಅಂತ ನೋಡೋಕೆ ನಿಮ್ಮ ಅರವತ್ತರ ದಶಕದ ಹಾಡುಗಳೇ ಒಳ್ಳೆಯ ಸಾಧನ. ಬಹುತೇಕ ಮೊನೊ. ಕಣ್ಣು ಮುಚ್ಚಿ ಕೇಳಿ. ದನಿ ಎರಡರ ನಡುವೆ, ಪರದೆಯ ಮಧ್ಯದಲ್ಲಿ, ಒಂದು ಚುಕ್ಕಿಯಿಂದ ಬರಬೇಕು. ಅಗಲವಾಗಿ ಹರಡಿದ್ದರೆ ಅಥವಾ ಒಂದು ಬದಿಗೆ ಎಳೆದರೆ ದೂರ, ಕೋನ ತಿದ್ದಿ. ಸ್ಟುಡಿಯೊದವರು ಇಷ್ಟು ಹತ್ತಿರ ಕೂತು ಕೇಳುವ ರೂಢಿಗೆ ದಶಕಗಳೇ ಆದವು. 1978ರ ಯಮಹಾ ಎನ್‌ಎಸ್-10 ಮನೆಗೆಂದು ಬಂದ ಸ್ಪೀಕರ್. ಮಿಕ್ಸರ್‌ನ ಮೇಲೆ ಇಟ್ಟು ಕೇಳೋಕೆ ಶುರುವಾದ ಮೇಲೆ ಲೋಕದ ಸ್ಟುಡಿಯೊಗಳನ್ನೆಲ್ಲ ಅದರ ಬಿಳಿ ಕೋನ್ ತುಂಬಿಕೊಂಡಿತು.

ಧಾರವಾಡದ ಕೇಳುಗ:
ಮರದ ದಿಮ್ಮಿ ಕೊಯ್ಯಿಸಿ ಎತ್ತರಿಸಿದೆ, ಮುಂದಕ್ಕೂ ತಂದೆ. ದಪ್ಪ ಹೋಯಿತು. ಅಕ್ಷರಗಳು ಬಿಡಿಸಿಕೊಂಡವು. ಹಳೆಯ ಹಾಡಿನ ದನಿ ನಟ್ಟನಡುವೆ ಬಂದು ನಿಂತಿದೆ, ಹಾಡುವವರು ಎದುರಿಗೇ ಇದ್ದಾರೆ ಅನ್ನಿಸುತ್ತದೆ. ಇನ್ನೊಂದೇ ಪ್ರಶ್ನೆ. ರಾತ್ರಿ ಮನೆಯವರು ಮಲಗಿದ ಮೇಲೆ ಸಣ್ಣ ದನಿಯಲ್ಲಿ ಕೇಳಿದರೆ ಡಗ್ಗಾ ಮಾಯವಾಗುತ್ತದೆ. ಈಕ್ವಲೈಜರ್ (ಬೇಸ್, ಟ್ರೆಬಲ್ ಬೇರೆಬೇರೆಯಾಗಿ ಏರಿಳಿಸುವ ಸಾಫ್ಟ್‌ವೇರ್) ಹಾಕಬಹುದಾ?

ಬೆಸುಗೆ ಕಡ್ಡಿ:
ಖಂಡಿತ ಹಾಕಬಹುದು. ದನಿ ಸಣ್ಣದಾದಾಗ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ, ಲಿನಕ್ಸ್‌ನಲ್ಲಿ ಈಸಿ ಎಫೆಕ್ಟ್ಸ್, ಎರಡೂ ಉಚಿತ. ರಾತ್ರಿಗೆ ಅಂತ ಬೇರೆ ಸೆಟ್ಟಿಂಗ್ ಉಳಿಸಿಕೊಳ್ಳಿ. 100 ಹರ್ಟ್ಜ್ ಸುತ್ತ 3-4 ಡೆಸಿಬೆಲ್ ಏರಿಸಿ, ಅಷ್ಟನ್ನೇ ಪ್ರಿಆಂಪ್‌ನಲ್ಲಿ (ಒಟ್ಟು ದನಿಯ ಮಟ್ಟ) ಇಳಿಸಿ. ಇಲ್ಲದಿದ್ದರೆ ಜೋರು ಜಾಗದಲ್ಲಿ ದನಿ ಒಡೆಯುತ್ತದೆ. 60ರ ಕೆಳಗೆ ಮಾತ್ರ ಏರಿಸಬೇಡಿ. 4 ಇಂಚಿನ ಕೋನ್ ಅಲ್ಲಿ ಸುಮ್ನೆ ಹಿಂದೆ ಮುಂದೆ ಬಡಿದಾಡುತ್ತದೆ, ಶಬ್ದ ಬರುವುದಿಲ್ಲ. ಬೆಳಗ್ಗೆ ಜೋರಾಗಿ ಕೇಳುವ ಮೊದಲು ಹಗಲಿನ ಸೆಟ್ಟಿಂಗ್‌ಗೆ ಬದಲಿಸಿಕೊಳ್ಳಿ.